ಏಳು ದಿನದ ‘ಡೋಪಮೈನ್ ಡಿಟಾಕ್ಸ್’ನಿಂದ ರಿಸೆಪ್ಟರ್‌ಗಳು ಮೊದಲಿನಂತಾಗುತ್ತವೆಯೇ?

ಒಂದು ವಾರ ಮೊಬೈಲು, ಸಿಗರೇಟು ಎಲ್ಲ ಬಿಟ್ಟರೆ ಡೋಪಮೈನ್ ರಿಸೆಪ್ಟರ್‌ಗಳು ಸರಿಹೋಗಿ ಚಟ ಬಿಟ್ಟುಹೋಗುತ್ತದೆಯೇ ಎಂದು ಕೇಳಿದ್ದೀರಿ. ಬಿಡುವುದು ಒಳ್ಳೆಯದೇ, ಆದರೆ ಆ ಏಳು ದಿನದ ಲೆಕ್ಕಕ್ಕೆ ಆಧಾರವಿಲ್ಲ.

ಡೋಪಮೈನ್ ಎಂದರೆ ಮಿದುಳಿನಲ್ಲಿ ಬಯಕೆ, ಕಲಿಕೆಗಳಿಗೆ ಸಂಬಂಧಿಸಿದ ಸಂದೇಶ ಒಯ್ಯುವ ರಾಸಾಯನಿಕ, ನಿಕೋಟಿನ್‌ನಂಥವು ಅದನ್ನು ಏರಿಸುತ್ತವೆ. ನರಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳೇ ರಿಸೆಪ್ಟರ್‌ಗಳು. ಇವುಗಳಲ್ಲಿ ಐದು ಬಗೆ. ಡಿ1, ಡಿ5 ನರಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತವೆ. ಡಿ2, ಡಿ3, ಡಿ4 ತಗ್ಗಿಸುತ್ತವೆ. ಡಿ2 ಸ್ವಲ್ಪ ಡೋಪಮೈನಿಗೂ ಸ್ಪಂದಿಸುತ್ತದೆ, ಡಿ1ಗೆ ಒಮ್ಮೆಲೇ ಹೆಚ್ಚು ಬೇಕು. ಹಾಗಾಗಿ ಎಷ್ಟು ಪ್ರಮಾಣ ಎನ್ನುವಷ್ಟೇ ಎಷ್ಟು ಬೇಗ ಎನ್ನುವುದೂ ಮುಖ್ಯ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್‌ನದು ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ, ಅದಕ್ಕೇ ಪ್ಯಾಚ್‌ಗೆ ಯಾರೂ ಅಷ್ಟಾಗಿ ದಾಸರಾಗುವುದಿಲ್ಲ.

ಕೊಕೇನ್, ಮದ್ಯ, ಮೆಥ್ (ಮೆಥಾಂಫೆಟಮೈನ್ ಎಂಬ ಮಾದಕವಸ್ತು) ಚಟವಿರುವವರ ಮಿದುಳಿನ ಪಿಇಟಿ ಸ್ಕ್ಯಾನ್‌ಗಳಲ್ಲಿ, ಬಯಕೆ-ಅಭ್ಯಾಸಗಳಿಗೆ ಸಂಬಂಧಿಸಿದ ಸ್ಟ್ರಯೇಟಮ್ ಎಂಬ ಭಾಗದ ಡಿ2 ಕಡಿಮೆ ಇರುವುದನ್ನು ಅಮೆರಿಕದ ಸಂಶೋಧಕಿ ನೋರಾ ವೋಲ್ಕೋವ್ ತಂಡ 1990ರ ದಶಕದಿಂದಲೂ ತೋರಿಸುತ್ತ ಬಂದಿದೆ. ಚಟದಿಂದ ಕಡಿಮೆಯಾಯಿತೋ, ಮೊದಲೇ ಕಡಿಮೆಯಿದ್ದು ಚಟ ಹತ್ತಿತೋ? ಎರಡೂ ನಿಜವಿರಬಹುದು ಎನ್ನುತ್ತದೆ 2006ರಲ್ಲಿ ಮೈಕೇಲ್ ನೇಡರ್ ತಂಡ ಪ್ರಕಟಿಸಿದ ಕೋತಿಗಳ ಅಧ್ಯಯನ. ಮೊದಲೇ ಡಿ2 ಕಡಿಮೆಯಿದ್ದ ಕೋತಿಗಳು ಹೆಚ್ಚು ಕೊಕೇನ್ ತೆಗೆದುಕೊಂಡವು. ಶುರುಮಾಡಿದ ಒಂದೇ ವಾರದಲ್ಲಿ ಅದು ಮತ್ತೆ ಶೇ. 15–20 ಇಳಿಯಿತು. ಬಿಡಿಸಿದ ಮೇಲೆ ಕೆಲವು ಕೋತಿಗಳಲ್ಲಿ ವರ್ಷವಾದರೂ ಪೂರ್ತಿ ಮರಳಲಿಲ್ಲ. ಮೊಬೈಲ್ ವಿಷಯದಲ್ಲಿ ಇಷ್ಟು ಗಟ್ಟಿ ಪುರಾವೆಯೇ ಇಲ್ಲ.

ರಿಸೆಪ್ಟರ್ ಮರಳಿದರೂ ಕಲಿತದ್ದು ಉಳಿದಿರುತ್ತದೆ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಣ್ಣಿನ ರಸಕ್ಕೆ ಮಿಡಿಯುತ್ತಿದ್ದ ಡೋಪಮೈನ್ ಕೋಶಗಳು ಕ್ರಮೇಣ ರಸದ ಮುನ್ಸೂಚನೆಗೇ ಮಿಡಿಯತೊಡಗಿದವು. ಬಿಟ್ಟು ತಿಂಗಳಾದವರಿಗೂ ಚಹಾ ಅಂಗಡಿಯ ಮುಂದೆ ಸಿಗರೇಟಿನ ಆಸೆ ಏಳುವುದು ಹೀಗೆ. ಇದನ್ನು ದೌರ್ಬಲ್ಯ ಎಂದು ಹಳಿದುಕೊಳ್ಳಬೇಡಿ. ಮೊದಲ ಕೆಲವು ತಿಂಗಳು ಆ ಅಂಗಡಿ, ಆ ಹೊತ್ತು, ಆ ಜೊತೆ ತಪ್ಪಿಸಿ. ನನ್ನ ಮಟ್ಟಿಗೆ ಯಾವ ಡಿಟಾಕ್ಸ್‌ಗಿಂತಲೂ ಇದಕ್ಕೆ ಬೆಲೆ ಹೆಚ್ಚು.

ಸಿಗರೇಟು ಬಿಡಲು ನಿಕೋಟಿನ್ ಗಮ್ ಬಳಸುವ ಹಲವರು ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿದು, ನಿಕೋಟಿನ್ ಹೊಟ್ಟೆಗೆ ಹೋಗಿ, ಬಿಕ್ಕಳಿಕೆ ಬಂದು, ‘ಇದು ಕೆಲಸ ಮಾಡಲ್ಲ’ ಎಂದು ಬಿಟ್ಟುಬಿಡುತ್ತಾರೆ. ನಿಧಾನವಾಗಿ ಜಗಿಯಿರಿ, ಚುರುಕು ಎನಿಸಿದಾಗ ಕೆನ್ನೆ-ಒಸಡಿನ ನಡುವೆ ಇಟ್ಟುಕೊಳ್ಳಿ, ಚುರುಕು ಇಳಿದಾಗ ಮತ್ತೆ ಜಗಿಯಿರಿ. ಹೀಗೆ ಸುಮಾರು 30 ನಿಮಿಷ. ಅದಕ್ಕೆ 15 ನಿಮಿಷ ಮುಂಚೆ ಕಾಫಿ, ಹಣ್ಣಿನ ರಸ ಬೇಡ, ಬಾಯಿ ಆಮ್ಲೀಯವಾದರೆ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟು ಬೇಕಾಗುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ., ಉಳಿದವರಿಗೆ 2.

ಮನೆಯಲ್ಲಿ ಪಾರ್ಕಿನ್ಸನ್ಸ್‌ಗೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ತೆಗೆದುಕೊಳ್ಳುವ ಹಿರಿಯರಿದ್ದರೆ ಇದನ್ನೂ ತಿಳಿದಿರಿ. ಇವು ಡಿ2, ಡಿ3ಯನ್ನು ನೇರವಾಗಿ ಪ್ರಚೋದಿಸುತ್ತವೆ. ಎಂದೂ ಇಲ್ಲದ ಜೂಜು, ವಿಪರೀತ ಖರೀದಿ ಶುರುವಾದರೆ ಅದು ಮಾತ್ರೆಯ ಪರಿಣಾಮವಿರಬಹುದು. ನ್ಯೂರಾಲಜಿಸ್ಟ್‌ಗೆ ಹೇಳಿ, ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ.

ಕುಡಿತದ ವಿಷಯ ಬೇರೆಯೇ. ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ಬಿಟ್ಟರೆ 6ರಿಂದ 48 ಗಂಟೆಯೊಳಗೆ ಫಿಟ್ಸ್, ಎರಡು-ಮೂರನೇ ದಿನದ ಹೊತ್ತಿಗೆ ಸನ್ನಿ ಬರಬಹುದು, ಪ್ರಾಣವೂ ಹೋಗಬಹುದು. ಬಿಡುವ ಮೊದಲು ವೈದ್ಯರನ್ನು ಕಾಣಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.