ಓದುಗರ ಪ್ರಶ್ನೆ: ಜಪಾನಿನಲ್ಲಿ ಕಡಿಮೆ ಬಾಡಿಗೆಯ ವಸತಿ

ಪ್ರಶ್ನೆ: ನಾನು, ನನ್ನ ಪತ್ನಿ ಬರುವ ಏಪ್ರಿಲ್‌ನಲ್ಲಿ ಜಪಾನಿಗೆ ಹೊರಟಿದ್ದೇವೆ. ಖರ್ಚು ಉಳಿಸಲು ಕ್ಯಾಪ್ಸೂಲ್ ಹೋಟೆಲಿನಲ್ಲಿ ಇಳಿದುಕೊಳ್ಳಿ ಎಂದು ಮಗ ಹೇಳುತ್ತಾನೆ. ಪತ್ನಿಗೆ ಮಂಡಿನೋವಿದೆ, ಇಬ್ಬರೂ ಸಸ್ಯಾಹಾರಿಗಳು. ಅಗ್ಗದ ಹೋಟೆಲುಗಳಲ್ಲಿ ಕರೆದರೆ ಬರುವವರೇ ಇರುವುದಿಲ್ಲವೆಂದು ಕೇಳಿ ಅಳುಕಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ದಯವಿಟ್ಟು ಕ್ಯಾಪ್ಸೂಲ್ ಹೋಟೆಲಿನ ಯೋಚನೆಯನ್ನು ಬಿಡಿ. 1979ರಲ್ಲಿ ಒಸಾಕಾದಲ್ಲಿ ಆರಂಭವಾದ, ವಾಸ್ತುಶಿಲ್ಪಿ ಕಿಶೊ ಕುರೊಕಾವಾ ರೂಪಿಸಿದ ಈ ಬಗೆಯ ವಸತಿಯಲ್ಲಿ ಒಬ್ಬರಿಗೆ ದೊರೆಯುವುದು ಸುಮಾರು 2 ಮೀಟರ್ ಉದ್ದದ, 1 ಮೀಟರ್ ಅಗಲದ ಒಂದು ಗೂಡು ಮಾತ್ರ. ರೈಲಿನ ಬರ್ತ್‌ಗಳಂತೆ ಮೇಲೊಂದು ಕೆಳಗೊಂದು ಇರುವ ಈ ಗೂಡುಗಳಿಗೆ ಸಾಮಾನ್ಯವಾಗಿ ಬೀಗದ ಬಾಗಿಲಿಲ್ಲ, ಎಳೆದುಕೊಳ್ಳುವ ಪರದೆಯಷ್ಟೇ. ಹೆಂಗಸರ ಮಹಡಿ ಬಹುತೇಕ ಕಡೆ ಬೇರೆಯಿರುವುದರಿಂದ ನಡುರಾತ್ರಿ ನಿಮ್ಮ ಪತ್ನಿಗೆ ನೋವು ಹೆಚ್ಚಾದರೂ ನಿಮಗೆ ತಿಳಿಯುವುದಿಲ್ಲ.

ನಿಮಗೆ ಒಗ್ಗುವುದು ರೈಲು ನಿಲ್ದಾಣದ ಸಮೀಪದ ಬಿಸಿನೆಸ್ ಹೋಟೆಲು, ಅಂದರೆ ಕೆಲಸದ ಮೇಲೆ ಓಡಾಡುವವರಿಗೆಂದು ಇರುವ ಸರಳ, ಅಗ್ಗದ ಹೋಟೆಲು. ಕೋಣೆ ಪುಟ್ಟದು, ನಾನು ಉಳಿದಿದ್ದ ಕೋಣೆಯಲ್ಲಿ ಸೂಟ್‌ಕೇಸನ್ನು ಮಂಚದಡಿಗೆ ತಳ್ಳಿದ ಮೇಲೆಯೇ ಬಚ್ಚಲಿನ ಬಾಗಿಲು ಪೂರ್ತಿ ತೆರೆಯಿತು. ಆ ಬಚ್ಚಲಿನ ಹೊಸ್ತಿಲು ಗೇಣುದ್ದ ಎತ್ತರವಿತ್ತು, ಒಳಗಿನ ತೊಟ್ಟಿಯ ಅಂಚು ಇನ್ನೂ ಎತ್ತರ. ಆದ್ದರಿಂದ ಕಾದಿರಿಸುವಾಗಲೇ ಹಿಡಿಕೆಯಿರುವ, ದಾಟಲು ಸುಲಭವಾದ ಬಚ್ಚಲಿನ ಕೋಣೆ ಇದೆಯೇ ಎಂದು ವಿಚಾರಿಸಿ. 'ಸೆಮಿ ಡಬಲ್' ಎಂಬುದನ್ನು ಆರಿಸಬೇಡಿ. ಸುಮಾರು 120 ಸೆಂ.ಮೀ. ಅಗಲದ ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗಬೇಕಾಗುತ್ತದೆ. ಎರಡು ಮಂಚದ 'ಟ್ವಿನ್' ಕೇಳಿ. ಬಾಡಿಗೆಯನ್ನು ಹಲವೆಡೆ ತಲೆಗೆ ಇಷ್ಟೆಂದು ಹೇಳುತ್ತಾರೆ, ಅದನ್ನೂ ಗಮನಿಸಿ.

ಸೇವೆಯ ಬಗ್ಗೆ ಅಳುಕು ಬೇಡ. ನಮ್ಮ ಮುಂಬಯಿಯ ದಾದರಿನ ಲಾಡ್ಜಿನಲ್ಲಿ ಗಂಟೆ ಒತ್ತಿದರೆ ಹುಡುಗ ಚಹಾ ತಂದಿಡುತ್ತಾನೆ. ಜಪಾನಿನಲ್ಲಾದರೆ ಕೋಣೆಯಲ್ಲಿರುವ ಕೆಟಲಿನಲ್ಲಿ ನೀವೇ ನೀರು ಕಾಯಿಸಿಕೊಳ್ಳುತ್ತೀರಿ, ಹಣಿಗೆ, ಹಲ್ಲುಜ್ಜುವ ಬ್ರಷ್‌ಗಳನ್ನು ಅನೇಕ ಕಡೆ ಕೌಂಟರಿನ ಪಕ್ಕದ ಕಪಾಟಿನಿಂದ ನೀವೇ ಎತ್ತಿಕೊಳ್ಳುತ್ತೀರಿ. ಇದು ಅತಿಥಿಗಳ ಬಗೆಗಿನ ಉಪೇಕ್ಷೆಯಲ್ಲ. ಕೆಲಸಗಾರರ ಸಂಬಳದಲ್ಲಿ ಹೀಗೆ ಉಳಿತಾಯವಾದ ಹಣವೇ ಬಾಡಿಗೆಯಲ್ಲಿ ನಿಮಗೆ ಸಿಗುವ ರಿಯಾಯಿತಿ. ನಾನು ಕಂಡಂತೆ ಹಾಸಿಗೆಬಟ್ಟೆಯ ಶುಚಿತ್ವದಲ್ಲಿ ಮಾತ್ರ ಎಳ್ಳಷ್ಟೂ ಕೊರತೆಯಿಲ್ಲ. ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 3ರ ನಂತರ. ಬೇಗ ತಲುಪಿದರೆ ಸಾಮಾನನ್ನು ಕೌಂಟರಿನಲ್ಲಿಟ್ಟು ಊರು ನೋಡಲು ಹೊರಡಬಹುದು.

ಬೆಳಗಿನ ಉಪಾಹಾರದಲ್ಲಿ ಎಚ್ಚರವಿರಲಿ. ನೋಡಲು ತಿಳಿಸಾರಿನಂತಿರುವ ಮಿಸೊ ಸೂಪಿಗೆ ಬಹುಮಟ್ಟಿಗೆ ಒಣಮೀನಿನ ರಸವೇ ಆಧಾರ. ಬಿಸಿನೀರು ಸುರಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳನ್ನು ಮುಂಬಯಿಯ ಮಾಟುಂಗಾದಿಂದಲೇ ಕೊಂಡೊಯ್ಯಿರಿ; ಕೋಣೆಯ ಕೆಟಲು ಅದಕ್ಕೆ ಸಾಕು.