ಅತ್ತೆಯ ಆರೈಕೆಗೆ ದುಡ್ಡು ಯಾರು ಕೊಡಬೇಕು?

ದಾವಣಗೆರೆಯಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲು ಇವರು ಶಾಲೆಯ ಕೆಲಸ ಬಿಟ್ಟರು. ಮನೆಗೆ ನರ್ಸ್ ಬೇಕೆಂದರೆ ಏಜೆನ್ಸಿಯವರು ತಿಂಗಳಿಗೆ 22 ಸಾವಿರ ಕೇಳುತ್ತಾರೆ. ವಿಮೆಯವರು ಆಸ್ಪತ್ರೆಗೆ ಸೇರಿಸಿದರೆ ಮಾತ್ರ ಎನ್ನುತ್ತಾರೆ. ಜರ್ಮನಿಯಲ್ಲಿರುವ ಮೈದುನ ಫೋನ್ ಮಾಡಿದಾಗಲೆಲ್ಲ "ಇಲ್ಲಿ ಎಲ್ಲಾ ಸರ್ಕಾರವೇ ನೋಡಿಕೊಳ್ಳುತ್ತೆ ಅತ್ತಿಗೆ" ಎನ್ನುತ್ತಾರಂತೆ. "ನಿಜವಾ? ಹಾಗಾದರೆ ಇಲ್ಲಿ ಯಾಕಿಲ್ಲ?" ಎಂದು ಕೇಳಿದ್ದಾರೆ.

ಮೇಡಂ, ನಿಮ್ಮ ಮೈದುನ ಹೇಳಿದ್ದು ಅರ್ಧ ನಿಜ. ಅವರು ತಮ್ಮ ಸಂಬಳದ ಚೀಟಿಯನ್ನು ಒಮ್ಮೆ ಸರಿಯಾಗಿ ನೋಡಲಿ. ಪ್ರತಿ ತಿಂಗಳೂ ಅದರಲ್ಲಿ ಆರೈಕೆ ವಿಮೆಯ ಕಡಿತ ಇರುತ್ತದೆ. 1995ರಲ್ಲಿ ಶುರುವಾದ ಕಡ್ಡಾಯ ವಿಮೆ ಅದು. 2025ರ ಲೆಕ್ಕದಲ್ಲಿ ಸಂಬಳದ ಶೇ 3.6, ಅದನ್ನು ನೌಕರ ಮತ್ತು ಕಂಪನಿ ಹಂಚಿಕೊಳ್ಳುತ್ತಾರೆ. ಮಕ್ಕಳಿಲ್ಲದವರಿಗೆ ಇನ್ನೂ ಜಾಸ್ತಿ. ಇದನ್ನು ತಂದಾಗ ಕಂಪನಿಗಳು "ನಮ್ಮ ಪಾಲು ಭಾರವಾಯಿತು" ಎಂದು ತಕರಾರು ತೆಗೆದವು. ಅದಕ್ಕೆ ಸರ್ಕಾರ ಏನು ಮಾಡಿತು ಗೊತ್ತಾ? ನವೆಂಬರಿನ ಒಂದು ಬುಧವಾರ ಬರುತ್ತಿದ್ದ ಪ್ರಾರ್ಥನೆಯ ಹಬ್ಬದ ರಜೆಯನ್ನೇ ತೆಗೆದುಹಾಕಿತು. ಜನ ಒಂದು ದಿನ ಹೆಚ್ಚು ದುಡಿದರೆ ಕಂಪನಿಗೆ ಸರಿಹೋಯಿತು ಎಂಬ ಲೆಕ್ಕ. ಸ್ಯಾಕ್ಸನಿ ರಾಜ್ಯ ಮಾತ್ರ ರಜೆ ಬಿಡಲು ಒಪ್ಪಲಿಲ್ಲ. ಅಲ್ಲಿನ ನೌಕರರು ಇವತ್ತಿಗೂ ಆ ರಜೆಗಾಗಿ ಕೈಯಿಂದ ಹೆಚ್ಚು ಕಟ್ಟುತ್ತಾರೆ. (ನಮ್ಮಲ್ಲಿ ಒಂದು ರಜೆ ಕಡಿತ ಮಾಡುತ್ತೇವೆ ಎಂದು ಯಾರಾದರೂ ಬಾಯಿಬಿಡಲಿ, ನೋಡೋಣ.)

ಇಷ್ಟು ಕಟ್ಟಿದರೂ ಪೂರ್ತಿ ಖರ್ಚು ಸಿಗುವುದಿಲ್ಲ. ಅಲ್ಲಿ ಆರೈಕೆಯ ವಸತಿಗೃಹ ಸೇರಿದರೆ ವಿಮೆ ಕೊಟ್ಟದ್ದು ಕಳೆದ ಮೇಲೂ ಮೊದಲ ವರ್ಷ ಸರಾಸರಿ ತಿಂಗಳಿಗೆ 3,000 ಯೂರೊಗಿಂತ ಹೆಚ್ಚು ಕೈಯಿಂದ ಹಾಕಬೇಕು. ಹಾಗಾಗಿ ವಿಮೆ ಪಡೆಯುವ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಮನೆಯಲ್ಲೇ ಇರುತ್ತಾರೆ, ಹೆಚ್ಚಾಗಿ ಮನೆಯವರ ಕೈಯಲ್ಲೇ. ಅಲ್ಲೂ ಅದು ಹೆಂಡತಿ, ಮಗಳು, ಸೊಸೆ. ನಮ್ಮ ಹಾಗೇ.

ಆದರೆ ಆ ಕೆಲಸಕ್ಕೆ ಅಲ್ಲಿ ಬೆಲೆ ಕಟ್ಟಿದ್ದಾರೆ. ಅವಲಂಬನೆಯ ಐದು ದರ್ಜೆಗಳಲ್ಲಿ ನಾಲ್ಕನೆಯದು ಸಿಕ್ಕವರು ಮನೆಯವರಿಂದಲೇ ಆರೈಕೆ ಮಾಡಿಸಿಕೊಂಡರೆ ತಿಂಗಳಿಗೆ 800 ಯೂರೊ ನಗದು. ಹೊರಗಿನ ನರ್ಸ್ ಸೇವೆ ತೆಗೆದುಕೊಂಡರೆ 1,859 ಯೂರೊವರೆಗೆ ವಿಮೆಯೇ ಭರಿಸುತ್ತದೆ. ಅಂದರೆ ಮನೆಯವಳ ದುಡಿಮೆ ಅರ್ಧಕ್ಕಿಂತ ಅಗ್ಗ, ಅದು ಬೇರೆ ಮಾತು. ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು. ವಾರಕ್ಕೆ ಹತ್ತು ಗಂಟೆಯಾದರೂ ನೋಡಿಕೊಳ್ಳುವ, ಪೂರ್ಣಾವಧಿ ಕೆಲಸದಲ್ಲಿಲ್ಲದ ಮನೆಯವರ ಹೆಸರಿನಲ್ಲಿ ವಿಮೆಯೇ ಪಿಂಚಣಿ ನಿಧಿಗೆ ಹಣ ಕಟ್ಟುತ್ತದೆ. ನೀವು ಅಲ್ಲಿದ್ದಿದ್ದರೆ ಕೆಲಸ ಬಿಟ್ಟ ಈ ವರ್ಷಗಳು ನಿಮ್ಮ ಪಿಂಚಣಿಯ ಲೆಕ್ಕಕ್ಕೆ ಸೇರುತ್ತಿದ್ದವು.

ಜಪಾನಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳ ನಡೆಯಿತು. ಮನೆಯವರಿಗೆ ನಗದು ಕೊಡಬೇಡಿ ಎಂದು ಪಟ್ಟು ಹಿಡಿದದ್ದು ಮಹಿಳಾ ಸಂಘಟನೆಗಳು. ಯಾಕೆಂದರೆ ನಗದು ಬಂದರೆ "ದುಡ್ಡು ಬರುತ್ತಿದೆಯಲ್ಲ, ಮಾಡು" ಎಂದು ಸೊಸೆಯನ್ನೇ ಮನೆಯಲ್ಲಿ ಕಟ್ಟಿಹಾಕುತ್ತಾರೆ. ಕೊನೆಗೆ 2000ದಲ್ಲಿ ಬಂದ ವಿಮೆಯಲ್ಲಿ ನಗದು ಇಲ್ಲ, ಬರೀ ಸೇವೆ. ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ, ಉಳಿದರ್ಧ ತೆರಿಗೆಯ ಹಣ. ಸೇವೆಯ ಬೆಲೆಯಲ್ಲಿ ಹೆಚ್ಚಿನವರು ಕೊಡುವುದು ಶೇ 10. ಊರಿನ ಆಡಳಿತದ ಪರವಾಗಿ ಒಬ್ಬರು ಮನೆಗೆ ಬಂದು ಮಗ್ಗುಲು ಬದಲಿಸುತ್ತೀರಾ, ಎದ್ದು ಕೂರುತ್ತೀರಾ ಎಂದು 74 ಅಂಶಗಳನ್ನು ನೋಡಿ ಬರೆದುಕೊಳ್ಳುತ್ತಾರೆ. ಅದರ ಮೇಲೆ ದರ್ಜೆ ತೀರ್ಮಾನ. ಮನೆಯಲ್ಲಿ ಸೊಸೆ ಇದ್ದಾಳೆ ಎಂದು ದರ್ಜೆ ಇಳಿಯುವುದಿಲ್ಲ! ಹಾಸಿಗೆ ಹಿಡಿದವರಿದ್ದರೆ ಒಂದು ವ್ಯಾನ್ ಬರುತ್ತದೆ. ನರ್ಸ್ ಸೇರಿ ಮೂವರು ಇಳಿದು, ಸ್ನಾನದ ತೊಟ್ಟಿಯನ್ನೇ ಮಲಗುವ ಕೋಣೆಗೆ ತಂದು ಜೋಡಿಸಿ, ಬಿಸಿನೀರು ತುಂಬಿಸಿ, ಸ್ನಾನ ಮಾಡಿಸಿ, ಒರೆಸಿ, ತೊಟ್ಟಿ ಹೊತ್ತುಕೊಂಡು ಹೋಗುತ್ತಾರೆ. ಒಬ್ಬರೇ ಸ್ಪಂಜಿನಲ್ಲಿ ಮೈ ಒರೆಸುವವರಿಗೆ ಇದರ ಬೆಲೆ ಗೊತ್ತಿರುತ್ತದೆ. ಖರ್ಚೂ ಏರಿದೆ. ಅರವತ್ತೈದು ದಾಟಿದವರ ಸರಾಸರಿ ಕಂತು ಶುರುವಿನಲ್ಲಿ ತಿಂಗಳಿಗೆ 2,911 ಯೆನ್ ಇತ್ತು, ಈಗ 6,225.

ಇಂಗ್ಲೆಂಡ್, ಅಮೆರಿಕಗಳನ್ನು ನೋಡಿ ಆಸೆಪಡುವುದೇನಿಲ್ಲ. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಇದ್ದರೆ ಆರೈಕೆಯ ಖರ್ಚು ನಿಮ್ಮದೇ. ಆರೈಕೆಗೃಹಕ್ಕೆ ಹೋದರೆ, ಬಿಟ್ಟುಹೋದ ಮನೆಯಲ್ಲಿ ಗಂಡ ಅಥವಾ ಹೆಂಡತಿ ವಾಸವಿಲ್ಲದಿದ್ದರೆ, ಆ ಮನೆಯೂ ಆಸ್ತಿಯ ಲೆಕ್ಕಕ್ಕೆ ಬರುತ್ತದೆ. ಖರ್ಚಿಗೊಂದು ಮಿತಿ ಹಾಕುತ್ತೇವೆ ಎಂದು ವರ್ಷಗಟ್ಟಲೆ ಹೇಳಿ 2024ರಲ್ಲಿ ಕೈಬಿಟ್ಟರು. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ದೀರ್ಘಕಾಲದ ಆರೈಕೆಗೆ ಕೊಡುವುದಿಲ್ಲ. ಬಡವರಿಗಿರುವ ಮೆಡಿಕೇಡ್ ಕೊಡುತ್ತದೆ, ಆದರೆ ಉಳಿತಾಯವೆಲ್ಲ ಕರಗಿ ಬಡವರಾದ ಮೇಲೆ.

ಇನ್ನು ಇಲ್ಲಿ ಯಾಕಿಲ್ಲ ಎಂಬುದು. ಜರ್ಮನಿಯ ದಾರಿಗೆ ಸಂಬಳದ ಚೀಟಿ ಬೇಕು. ನಮ್ಮಲ್ಲಿ ಹೆಚ್ಚಿನವರು ದುಡಿಯುವುದೇ ಚೀಟಿ ಇಲ್ಲದ ಕಡೆ. ಹಾಗಾಗಿ ತೆರಿಗೆಯಿಂದಲೇ ದೊಡ್ಡ ಪಾಲು ಬರಬೇಕು. ಸದ್ಯಕ್ಕೆ ಇರುವುದೆಂದರೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಅದೂ ಬಡವರಿಗೆ. ಎಪ್ಪತ್ತು ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಕಾರ್ಡ್ ಆಸ್ಪತ್ರೆಯ ಚಿಕಿತ್ಸೆಗೆ, ಮನೆಯ ನರ್ಸಿಗಲ್ಲ. ನನ್ನನ್ನು ಕೇಳಿದರೆ ಜಪಾನಿನ ಹೆಂಗಸರ ಭಯ ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ತೊಟ್ಟಿಯ ವ್ಯಾನ್ ಇಲ್ಲದ ಊರಿನಲ್ಲಿ ಬರೀ ಸೇವೆ ಕೊಡುತ್ತೇವೆ ಎಂದರೆ ಏನೂ ಕೊಡದ ಹಾಗೆ. ಮೊದಲು ಜರ್ಮನಿಯ ಹಾಗೆ ನೋಡಿಕೊಳ್ಳುವವರ ಹೆಸರಿನಲ್ಲಿ ಪಿಂಚಣಿಯ ಕಂತಾದರೂ ಬರಲಿ.

ಅಲ್ಲಿಯವರೆಗೆ ಒಂದು ವಿಷಯ ತಿಳಿದಿರಿ. ಹಿರಿಯರ ಪೋಷಣೆಗೆಂದು 2007ರಲ್ಲಿ ಬಂದ ನಮ್ಮ ಕಾನೂನು ಹೊಣೆ ಹೊರಿಸಿರುವುದು ಮಗ, ಮಗಳು, ಮೊಮ್ಮಕ್ಕಳ ಮೇಲೆ. ಸೊಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಅಂದರೆ ಕಾನೂನಿನ ಕಣ್ಣಿನಲ್ಲಿ ನಿಮ್ಮ ಅತ್ತೆಯ ಹೊಣೆ ನಿಮ್ಮ ಯಜಮಾನರದು ಮತ್ತು ಮೈದುನನದು. ಅದಕ್ಕೆಂದು ಕೋರ್ಟು ಕಚೇರಿ ಹತ್ತಿ ಎನ್ನುತ್ತಿಲ್ಲ. ಆ 22 ಸಾವಿರವನ್ನು ಅಣ್ಣತಮ್ಮ ಕೂತು ಹಂಚಿಕೊಳ್ಳಲಿ. ಮೈದುನನ ಪಾಲು ಪ್ರತಿ ತಿಂಗಳೂ ನಿಮ್ಮ ಖಾತೆಗೇ ಬರಲಿ, ಯಜಮಾನರ ಖಾತೆಗಲ್ಲ.