ಬ್ಯಾಣದ ಸಾರ ತೋಟಕ್ಕೆ ಹೋಗ್ತಿದೆ

ಮಳೆ ಹತ್ತಿರ ಬಂತು ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬ್ಯಾಣದ, ಅಂದರೆ ದನ ಮೇಯುವ ಹುಲ್ಲುಗಾವಲಿನ ಬಗ್ಗೆ ಇದೇ ಪ್ರಶ್ನೆಗಳು. ಮೊದಲನೆಯದಕ್ಕೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ.

ದನ ದಿನಾ ಬ್ಯಾಣದಲ್ಲೇ ಮೇಯುತ್ತವೆ, ಸಗಣಿಯೂ ಅಲ್ಲೇ ಬೀಳುತ್ತದೆ. ಆದರೂ ಹುಲ್ಲು ಏಳುತ್ತಿಲ್ಲ. ಎಕರೆಗೆ ಯೂರಿಯಾ ಎಷ್ಟು ಹಾಕಲಿ?

ಸಗಣಿ ಅಲ್ಲೇ ಬೀಳುತ್ತದೆ ಅಂತ ಯಾರು ಹೇಳಿದರು? ದನ ಬ್ಯಾಣದಲ್ಲಿರುವುದು ಏಳೆಂಟು ಗಂಟೆ. ಉಳಿದ ಹೊತ್ತೆಲ್ಲ ಕೊಟ್ಟಿಗೆಯಲ್ಲಿ. ಮೇವಿನ ಜೊತೆ ತಿಂದ ಸಾರಜನಕದಲ್ಲಿ, ಅಂದರೆ ಯೂರಿಯಾದಲ್ಲಿರುವ ಅದೇ ಸಾರದಲ್ಲಿ, ನೂರಕ್ಕೆ 75ರಿಂದ 90 ಪಾಲು ಸಗಣಿ, ಗಂಜಲದಲ್ಲೇ ಹೊರಗೆ ಬರುತ್ತದೆ. ಅದರಲ್ಲಿ ಹೆಚ್ಚಿನದು ಕೊಟ್ಟಿಗೆಯಿಂದ ಗೊಬ್ಬರದ ಗುಂಡಿಗೆ, ಅಲ್ಲಿಂದ ಅಡಿಕೆ ತೋಟಕ್ಕೆ. ನಿಮ್ಮಜ್ಜನ ಕಾಲದಿಂದ ಬ್ಯಾಣ ಕೊಡುತ್ತಲೇ ಇದೆ. ತಿರುಗಿ ಏನು ಹಾಕಿದ್ದೀರಿ?

ದನ ಗಂಜಲ ಹೊಯ್ದ ಜಾಗವನ್ನು ಹದಿನೈದು ದಿನ ಬಿಟ್ಟು ನೋಡಿ. ತಟ್ಟೆಯಗಲ ಕಡುಹಸಿರು, ಸುತ್ತ ಎಲ್ಲ ಹಳದಿ. ಹುಲ್ಲಿಗೆ ಹಸಿವಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಆದರೆ ಅಷ್ಟು ಗಂಜಲ ಒಂದೇ ಕಡೆ ಬಿದ್ದರೆ ಹುಲ್ಲಿಗೆ ಅರಗುವುದಿಲ್ಲ. ಅದರ ಸಾರಜನಕ ಬಿಸಿಲಿದ್ದರೆ ಅಮೋನಿಯಾ ಆಗಿ ಹಾರುತ್ತದೆ. ಮಳೆಯಿದ್ದರೆ ನೈಟ್ರೇಟ್ ಆಗಿ ಇಳಿದು ಹೋಗುತ್ತದೆ.

ಯೂರಿಯಾದ್ದೂ ಅದೇ ಕಥೆ. 45 ಕೆಜಿ ಚೀಲದಲ್ಲಿ ಸಾರಜನಕ ಸುಮಾರು 20 ಕೆಜಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆರಿದ್ರಾ ಮಳೆಯಲ್ಲಿ ಒಬ್ಬರಿಗೆ ನಾನೇ ಹಾಕಿಸಿದ್ದೆ. ಅವರ ದುಡ್ಡು ಹಳ್ಳ ಸೇರಿತು. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ. ಜಡಿಮಳೆಯಲ್ಲಿ ನಾನು ಯೂರಿಯಾ ಹೇಳುವುದಿಲ್ಲ. ಹಾಕಲೇಬೇಕೆಂದರೆ ಹುಬ್ಬೆ ಮಳೆ ಕಳೆದ ಮೇಲೆ (ಸೆಪ್ಟೆಂಬರ್ ಮಧ್ಯಕ್ಕೆ), ನೆಲ ಹಸಿಯಿದ್ದಾಗ, ಸ್ವಲ್ಪವೇ. ಆಮೇಲೆ ಮೂರು ವಾರ ದನ ಬಿಡಬೇಡಿ.

ಅದಕ್ಕಿಂತ ಒಳ್ಳೆಯದು ಸ್ಟೈಲೋ. ದ್ವಿದಳ ಜಾತಿಯ ಮೇವು, ಗಾಳಿಯ ಸಾರಜನಕವನ್ನೇ ಬೇರಿನಲ್ಲಿ ಹಿಡಿಯುತ್ತದೆ. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಿ, ಆರಿಸಿ, ಮೃಗಶಿರ ಮಳೆಗೆ ಬಿತ್ತಿ. ಜೊತೆಗೆ ರಾಕ್ ಫಾಸ್ಫೇಟ್, ಅಂದರೆ ರಂಜಕ ಇರುವ ಕಲ್ಲಿನ ಪುಡಿ, ಬೇಕೇ ಬೇಕು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಟ್ಟುಕೊಡುವುದಿಲ್ಲ. ರಂಜಕ ಸಿಗದಿದ್ದರೆ ಸ್ಟೈಲೋ ಬೇರಿನ ಗಂಟು ಕೆಲಸ ಮಾಡುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ಗಿಡವನ್ನು ಮಣ್ಣು ಸಮೇತ ಅಗೆಯಿರಿ. ಸಾಸಿವೆ ಗಾತ್ರದ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬೂದು ಬಣ್ಣ ಇದ್ದರೆ ಇಲ್ಲ.

ಮೊದಲ ವರ್ಷ ಅರ್ಧ ಬ್ಯಾಣಕ್ಕೆ ಬೇಲಿ ಹಾಕಿ, ದನ ಬಿಡಬೇಡಿ. ತೋಟಕ್ಕೆ ಹೊರುವ ಗೊಬ್ಬರದಲ್ಲಿ ಐದು ಬುಟ್ಟಿಗೊಂದು ಬುಟ್ಟಿ ಬ್ಯಾಣಕ್ಕೂ ಹೋಗಲಿ.

ಬೇಸಿಗೆಯಲ್ಲಿ ಬೆಂಕಿ ಕೊಟ್ಟರೆ ಹುಲ್ಲು ಚಿಗುರುತ್ತದಲ್ವಾ?

ಚಿಗುರುತ್ತದೆ. ಬೂದಿ ನೆಲದಲ್ಲಿ ಉಳಿಯುತ್ತದೆ, ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಕೊಡಬೇಡಿ.

ಯೂರಿಯಾ ಬದಲಿಗೆ ಅರ್ಧ ಲೀಟರ್ ಗೊಬ್ಬರದ ದ್ರಾವಣ ಒಂದು ಎಕರೆಗೆ ಸಾಕು ಅಂತ ಮನೆ ಬಾಗಿಲಿಗೇ ತಂದು ಮಾರುತ್ತಾರೆ, ತಗೊಳ್ಳಲಾ?

ಆ ಬಾಟಲಿ ತುಂಬ ಯೂರಿಯಾ ಕಾಳನ್ನೇ ತುಂಬಿದರೂ ಕಾಲು ಕಿಲೋ ಸಾರಜನಕ ಆಗುವುದಿಲ್ಲ. ಇದು ಹಗಲು ದರೋಡೆ. ಅಂಗಳದಿಂದಲೇ ಕಳಿಸಿ.

ಅಕೇಶಿಯಾ ನೆಟ್ಟರೆ ಬ್ಯಾಣಕ್ಕೆ ಸಾರಜನಕ ಸಿಗುತ್ತದಂತೆ?

ಅದರ ದರಕು (ಉದುರಿದ ಒಣ ಎಲೆ) ಬೇಗ ಕೊಳೆಯುವುದಿಲ್ಲ, ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ದನಕ್ಕೆ ಹುಲ್ಲು ಬೇಕಿದ್ದರೆ ನೆಡಬೇಡಿ.